ಎಲ್‌ಕೆಜಿ ಕೋಣೆಗೆ ದೊಡ್ಡ ಟಿವಿ ಬಂದಿದೆ, ದಿನಾ ಏನು ಮಾಡಿಸಲಿ?

ಪಾವಗಡದ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಕಲಿಸುತ್ತೇನೆ. ಸೋಲಾರ್ ಪಾರ್ಕ್ ಕಡೆಯ ಊರು. ನನ್ನ ಹತ್ತಿರ 24 ಮಕ್ಕಳಿದ್ದಾರೆ, ಎಲ್ಲರಿಗೂ ನಾಲ್ಕರ ಆಸುಪಾಸು. ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮನೆಮಾತು ತೆಲುಗು. ತಾಂಡಾದಿಂದ ಬರುವವರು ಮನೆಯಲ್ಲಿ ಲಂಬಾಣಿ ಮಾತಾಡುತ್ತಾರೆ. ಉಳಿದವರದು ಕನ್ನಡ.

ಈ ವರ್ಷ ದಾನಿಗಳೊಬ್ಬರು ನಮ್ಮ ಕೋಣೆಗೆ 43 ಇಂಚಿನ ಸ್ಮಾರ್ಟ್ ಟಿವಿ ಕೊಡಿಸಿದರು. ತುಂಬಾ ಒಳ್ಳೆಯ ಮನಸ್ಸಿನಿಂದ ಕೊಟ್ಟಿದ್ದಾರೆ. ಮುಖ್ಯಶಿಕ್ಷಕರು ದಿನಾ ಬಳಸಿ, ಧೂಳು ಹಿಡಿಯಬಾರದು ಅಂದಿದ್ದಾರೆ. ಪಟ್ಟಣದ ಕಾನ್ವೆಂಟಿನಲ್ಲಿರುವ ಸ್ಮಾರ್ಟ್ ಕ್ಲಾಸ್ ನಮ್ಮೂರಿಗೂ ಬಂತು ಅಂತ ಪೋಷಕರಿಗೂ ಖುಷಿ.

ಟಿವಿ ಹಾಕಿದರೆ ಮಕ್ಕಳು ಕದಲದೆ ಕೂರುತ್ತಾರೆ. ಇಂಗ್ಲಿಷ್ ರೈಮ್ಸ್ ಒಂದು ಮುಗಿದರೆ ಇನ್ನೊಂದು ತಾನಾಗಿಯೇ ಶುರುವಾಗುತ್ತದೆ. ಆಫ್ ಮಾಡಿದ ಕೂಡಲೇ ಅಳು. ಆಮೇಲೆ ಮಣ್ಣು ಕೊಟ್ಟರೂ ಬೇಡ, ಬಣ್ಣ ಕೊಟ್ಟರೂ ಬೇಡ. ಟಿವಿ ಬರುವ ಮುಂಚೆ ಇದೇ ಮಕ್ಕಳು ಜೇಡಿಮಣ್ಣಿನಲ್ಲಿ ಚಕ್ಕುಲಿ, ಹಾವು, ಸೋಲಾರ್ ಪ್ಲೇಟು ಎಲ್ಲ ಮಾಡಿ ಸಾಲಾಗಿ ಇಡುತ್ತಿದ್ದರು. ಇಂಗ್ಲಿಷ್ ಹಾಡನ್ನು ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ನನಗೆ ನೀರು ಬೇಕು ಅಂತ ಯಾವ ಭಾಷೆಯಲ್ಲೂ ಕೇಳದೆ ಕೈ ಹಿಡಿದು ಎಳೆಯುವ ಮಕ್ಕಳು ಇನ್ನೂ ಇದ್ದಾರೆ. ಇದು ನನಗೆ ತುಂಬಾ ಕಾಡುತ್ತಿದೆ.

ಟಿವಿಯನ್ನು ಮುಚ್ಚಿಡಲು ಆಗುವುದಿಲ್ಲ, ಮುಚ್ಚಿಡುವುದು ಸರಿ ಅಂತಲೂ ನನಗೆ ಅನಿಸುವುದಿಲ್ಲ. ಎಷ್ಟು ಹೊತ್ತು ಹಾಕಬೇಕು, ಅದರ ಜೊತೆ ಯಾವ ಚಟುವಟಿಕೆ ಮಾಡಿಸಬೇಕು? ಇಂಗ್ಲಿಷ್ ಬೇಕೇ ಬೇಕು ಅನ್ನುವ ಪೋಷಕರಿಗೆ ಏನು ಹೇಳಬೇಕು? ಪುಟ್ಟ ಮಕ್ಕಳ ಜೊತೆ ಕೆಲಸ ಮಾಡಿದವರು ದಯವಿಟ್ಟು ಹೇಳಿ.

---

ಯಲಹಂಕದ ಅಪ್ಪ:

ಟೀಚರ್, ನಾನು ಪೋಷಕನಾಗಿ ಹೇಳುತ್ತೇನೆ. ಟಿವಿಯನ್ನು ಪೂರ್ತಿ ದೂರ ಇಡಬೇಡಿ. ನನ್ನ ಮಗಳು ಯುಕೆಜಿ. ಸಮುದ್ರದ ಅಲೆ, ಆನೆ ಮರಿ ಹಾಲು ಕುಡಿಯುವುದು, ಮೀನು ಉಸಿರಾಡುವುದು ಇದನ್ನೆಲ್ಲ ಅವಳು ಮೊದಲು ನೋಡಿದ್ದು ಪರದೆಯ ಮೇಲೆಯೇ. ಪಾವಗಡದ ಮಗು ಸಮುದ್ರ ನೋಡಲು ಎಷ್ಟು ದೂರ ಹೋಗಬೇಕು ಹೇಳಿ. ಎರಡು ನಿಮಿಷದ ಅಲೆಯ ವಿಡಿಯೋ ತೋರಿಸಿ, ಆಮೇಲೆ ಬೋಗುಣಿಯಲ್ಲಿ ನೀರು ಕೊಟ್ಟರೆ ಮಕ್ಕಳೇ ಅಲೆ ಎಬ್ಬಿಸುತ್ತಾರೆ. ರೈಮ್ಸ್ ಬಿಟ್ಟು ಇಂಥದ್ದನ್ನು ಹಾಕಿ ನೋಡಿ.

---

ಅರಸೀಕೆರೆ ಅಕ್ಕ:

ತಂಗಿ, ನಾನು ಅರಸೀಕೆರೆ ಕಡೆಯ ಅಂಗನವಾಡಿ ಕಾರ್ಯಕರ್ತೆ. ನಮ್ಮ ಕೇಂದ್ರಕ್ಕೂ ಪಂಚಾಯ್ತಿಯಿಂದ ಟಿವಿ ಬಂದಿದೆ. ಮೇಲೆ ಅಪ್ಪ ಒಬ್ಬರು ಹೇಳಿದ ಸಮುದ್ರದ ಮಾತು ನನಗೆ ಇಷ್ಟವಾಯಿತು. ಅದರ ಜೊತೆ ನನ್ನದೂ ಒಂದು ಮಾತು ಸೇರಿಸುತ್ತೇನೆ. ಬೇರೆ ಯಾರೋ ಮಾಡಿದ್ದನ್ನು ಟಿವಿಯಲ್ಲಿ ತೋರಿಸುವುದು ಕಡಿಮೆ ಮಾಡಿ. ನಿಮ್ಮ ಮಕ್ಕಳು ಮಾಡಿದ್ದನ್ನು, ನಿಮ್ಮ ಮಕ್ಕಳು ಆಡಿದ ಮಾತನ್ನು ಅದೇ ಟಿವಿಯಲ್ಲಿ ಅವರಿಗೆ ತೋರಿಸಿ. ತಮ್ಮದೇ ಕೈ, ತಮ್ಮದೇ ದನಿ ಅಷ್ಟು ದೊಡ್ಡದಾಗಿ ಕಂಡಾಗ ಮಕ್ಕಳು ಸುಮ್ನೆ ಕೂರುವುದಿಲ್ಲ. ಎದ್ದು ನಿಂತು ಮಾತಾಡುತ್ತಾರೆ. ನಮಗೆ ಬೇಕಿರುವುದು ಅದೇ ಅಲ್ವಾ?

ಇದಕ್ಕೆ ಆ್ಯಪ್ ಏನೂ ಬೇಡ. ನಮ್ಮ ಕೈಗೆ ಫೋನ್ ಬಂದಿದ್ದು ಅಂಗನವಾಡಿ ಲೆಕ್ಕ ಇಡುವ ಸರ್ಕಾರಿ ಆ್ಯಪ್ ಪೋಷಣ್ ಟ್ರ್ಯಾಕರ್ ತುಂಬುವುದಕ್ಕೆ. 2021ರಿಂದ ಹಾಜರಿ, ತೂಕ, ಎತ್ತರ ಎಲ್ಲ ಅದರಲ್ಲೇ. ಅದೇ ಫೋನಿನಲ್ಲಿ ಕ್ಯಾಮೆರಾ ಇದೆ, ದನಿ ಹಿಡಿಯುವ ರೆಕಾರ್ಡರ್ ಇದೆ, ಟಾರ್ಚ್ ಇದೆ. ಪುಟ್ಟ ಮಕ್ಕಳ ಕೋಣೆಗೆ ಈ ಮೂರು ಸಾಕು.

ದನಿಯಿಂದ ಶುರು ಮಾಡಿ. ಊರಿನ ಸದ್ದುಗಳನ್ನು ಫೋನಿನಲ್ಲಿ ಹಿಡಿದುಕೊಳ್ಳಿ. ಬೋರ್‌ವೆಲ್ ನೀರು ಬೀಳುವುದು, ಮೇಕೆ ಕೊರಳಿನ ಗಂಟೆ, ಕುಕ್ಕರ್ ಸೀಟಿ, ಬಸ್ಸಿನ ಹಾರನ್, ಕಸ ಗುಡಿಸುವುದು, ರೊಟ್ಟಿ ತಟ್ಟುವುದು. ಟಿವಿಯ ಮೇಲೆ ಬಟ್ಟೆ ಹೊದಿಸಿ, ಅದರ ಸ್ಪೀಕರಿನಿಂದ ಸದ್ದು ಮಾತ್ರ ಕೇಳಿಸಿ. ಇದು ಏನು, ಯಾರ ಮನೆಯದು ಅಂತ ಕೇಳಿ. ಮಕ್ಕಳು ತೆಲುಗಿನಲ್ಲಿ ಹೇಳಲಿ, ಲಂಬಾಣಿಯಲ್ಲಿ ಹೇಳಲಿ, ತೊಂದರೆ ಇಲ್ಲ. ನೀವು ಅದಕ್ಕೆ ಕನ್ನಡದ ಹೆಸರನ್ನು ಸೇರಿಸಿ. ಸದ್ದಿಗೂ ಸದ್ದಿಗೂ ಇರುವ ವ್ಯತ್ಯಾಸ ಹಿಡಿಯಲು ಕಲಿತ ಕಿವಿಗೆ ಮುಂದೆ ‘ಕ’ಕ್ಕೂ ‘ಗ’ಕ್ಕೂ ಇರುವ ವ್ಯತ್ಯಾಸ ಸುಲಭ. ಅಕ್ಷರ ತಿದ್ದಿಸುವ ಮುಂಚೆ ಮಾಡಿಸಬೇಕಾದ ಕೆಲಸ ಇದು. ನನ್ನ ಅನುಭವದಲ್ಲಿ ಅಕ್ಷರ ತಿದ್ದಿಸುವುದಕ್ಕಿಂತ ಇದೇ ಮುಖ್ಯ.

ಆಮೇಲೆ ಕಾಳು. ಹತ್ತಿ ಇಟ್ಟ ತೆಂಗಿನ ಕರಟದಲ್ಲಿ ಹುರುಳಿ, ಹೆಸರುಕಾಳು, ಅವರೆ ಹಾಕಿ ನೀರು ಚಿಮುಕಿಸಿ. ದಿನಾ ಒಂದೇ ಜಾಗದಲ್ಲಿ ನಿಂತು ಒಂದು ಫೋಟೋ ತೆಗೆಯಿರಿ. ಫೋಟೋ ತೆಗೆಯುವ ಸರದಿ ಮಕ್ಕಳದೇ ಆಗಲಿ, ಫೋನನ್ನು ನೀವು ಹಿಡಿದುಕೊಂಡು ಬಟನ್ ಅವರಿಂದ ಒತ್ತಿಸಿ. ವಾರ ಕಳೆದ ಮೇಲೆ ಫೋಟೋಗಳನ್ನು ಟಿವಿಯಲ್ಲಿ ಒಂದೊಂದಾಗಿ ಹಾಕಿ. ಮೊದಲು ಏನಿತ್ತು, ಆಮೇಲೆ ಏನಾಯಿತು, ನಾಳೆ ಏನಾಗಬಹುದು? ನಮ್ಮ ಕೇಂದ್ರದಲ್ಲಿ ಯಾರ ಜೊತೆಗೂ ಬಾಯಿ ಬಿಡದ ಒಬ್ಬ ಹುಡುಗ ಇದ್ದ. ಅವನ ಹುರುಳಿ ಸಿಪ್ಪೆ ಒಡೆದ ಫೋಟೋ ಬಂದಾಗ ಟಿವಿ ಹತ್ತಿರ ಹೋಗಿ ‘ಇದು ನಂದು, ಟೋಪಿ ಬಿಚ್ಚೈತೆ’ ಅಂದ. ಅಷ್ಟು ಉದ್ದದ ಮಾತನ್ನು ಅವನ ಬಾಯಿಂದ ನಾನು ಅದುವರೆಗೂ ಕೇಳಿರಲಿಲ್ಲ.

ಮಕ್ಕಳ ಚಿತ್ರಗಳನ್ನೂ ಹೀಗೇ ಬಳಸಿ. ಮಗು ಏನು ಗೀಚಿದರೂ ಫೋಟೋ ತೆಗೆಯಿರಿ. ಇದರಲ್ಲಿ ಏನಿದೆ ಅಂತ ಕೇಳಿ, ಅದು ಹೇಳಿದ್ದನ್ನು ರೆಕಾರ್ಡ್ ಮಾಡಿ. ಮಾರನೆಯ ದಿನ ಚಿತ್ರ ಟಿವಿಯಲ್ಲಿ, ದನಿ ಸ್ಪೀಕರಿನಲ್ಲಿ. ಇದನ್ನು ದಿನಕ್ಕೆ ಎರಡು ಮೂರು ಮಕ್ಕಳದು ಮಾತ್ರ ಮಾಡಿ, ಎಲ್ಲರದೂ ಒಂದೇ ದಿನ ಬೇಡ. ಸರದಿ ಪಟ್ಟಿಯನ್ನು ಗೋಡೆಗೆ ಅಂಟಿಸಿ, ತಮ್ಮ ಗುರುತಿನ ಚಿತ್ರ ಎಲ್ಲಿದೆ ಅಂತ ಮಕ್ಕಳೇ ಹುಡುಕಿಕೊಳ್ಳಲಿ.

ಟಾರ್ಚ್ ಇದ್ದರೆ ನೆರಳಾಟ. ಕಿಟಕಿಗೆ ಹಳೆ ಸೀರೆ ಕಟ್ಟಿ ಸ್ವಲ್ಪ ಕತ್ತಲೆ ಮಾಡಿ, ಗೋಡೆಗೆ ಬೆಳಕು ಬಿಡಿ. ಕೈಯನ್ನು ಟಾರ್ಚಿನ ಹತ್ತಿರ ತಂದರೆ ನೆರಳು ದೊಡ್ಡದು, ದೂರ ಒಯ್ದರೆ ಚಿಕ್ಕದು. ಇದನ್ನು ನೀವು ಹೇಳಿಕೊಡಬೇಡಿ, ಅವರೇ ಕಂಡುಹಿಡಿಯುತ್ತಾರೆ. ನಿಮ್ಮೂರಿನಲ್ಲಿ ತೊಗಲುಗೊಂಬೆ ಆಡಿಸುವವರನ್ನು ನೋಡಿದ ಹಿರಿಯರಿದ್ದರೆ ಒಂದು ದಿನ ಕರೆಸಿ.

ಈಗ ಹೊತ್ತಿನ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವ ಪ್ರಕಾರ ಎರಡರಿಂದ ನಾಲ್ಕು ವರ್ಷದ ಮಕ್ಕಳು ಪರದೆ ಮುಂದೆ ಕೂರುವುದು ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆ ಇದ್ದಷ್ಟೂ ಒಳ್ಳೆಯದು. ಅದು ಇಡೀ ದಿನದ ಲೆಕ್ಕ. ಮನೆಯಲ್ಲಿ ಊಟ ಮಾಡಿಸುವಾಗ ಫೋನ್ ಕೊಟ್ಟಿರುತ್ತಾರೆ, ರಾತ್ರಿ ಧಾರಾವಾಹಿ ಇರುತ್ತದೆ. ಹಾಗಾಗಿ ಶಾಲೆಯ ಪಾಲಿಗೆ ಹತ್ತು ಹದಿನೈದು ನಿಮಿಷ ಸಾಕು. ಬೆಳಿಗ್ಗೆ ಬಂದ ಕೂಡಲೇ ಹಾಕಬೇಡಿ, ಮೊದಲು ಓಡಾಟ, ಆಟ, ಕೈಕೆಲಸ ಆಗಲಿ. ಊಟದ ಹೊತ್ತಿನಲ್ಲಿ ಬೇಡವೇ ಬೇಡ. ಜಾಣನಾಗಿ ಕೂತರೆ ಟಿವಿ ಹಾಕುತ್ತೇನೆ ಅಂತಲೂ ಹೇಳಬೇಡಿ. ಹಾಗೆ ಹೇಳಿದರೆ ಮಣ್ಣು, ಬಣ್ಣ ಎಲ್ಲ ಕೀಳು, ಟಿವಿ ಮೇಲು ಅಂತ ಮಕ್ಕಳ ಮನಸ್ಸಿನಲ್ಲಿ ಕೂರುತ್ತದೆ.

ಅಳುವಿಗೆ ಒಂದು ದಾರಿ ಇದೆ. ಒಂದಾದ ಮೇಲೊಂದು ತಾನಾಗಿ ಬರುವುದನ್ನು ಸೆಟ್ಟಿಂಗಿನಲ್ಲಿ ನಿಲ್ಲಿಸಿ. ಶುರುವಿನಲ್ಲೇ ‘ಕಪ್ಪೆ ನೋಡ್ತೀವಿ, ಆಮೇಲೆ ನಾವೇ ಕಪ್ಪೆ ಆಗ್ತೀವಿ’ ಅಂತ ಹೇಳಿಬಿಡಿ. ವಿಡಿಯೋ ಮುಗಿಯುವ ಹೊತ್ತಿಗೆ ನೆಲದ ಮೇಲೆ ಸೀಮೆಸುಣ್ಣದ ದುಂಡು ಬರೆದಿರಬೇಕು, ಆಯಮ್ಮ ಪಕ್ಕದಲ್ಲಿ ನಿಂತಿರಬೇಕು. ಟಿವಿ ಆಫ್ ಆಗುವುದಕ್ಕೂ ಮೊದಲ ನೆಗೆತಕ್ಕೂ ನಡುವೆ ಖಾಲಿ ಹೊತ್ತು ಇರಬಾರದು. ಮಕ್ಕಳು ಅಳುವುದು ಆ ಖಾಲಿಯಲ್ಲೇ. ಆಫ್ ಬಟನ್ ಒತ್ತುವ ಕೆಲಸವನ್ನು ದಿನಕ್ಕೊಂದು ಮಗುವಿಗೆ ಕೊಡಿ.

ಟಿವಿ ಇಲ್ಲದ ಹೊತ್ತೇ ದಿನದ ಮುಖ್ಯ ಭಾಗ, ಅದನ್ನು ಬಡವಾಗಲು ಬಿಡಬೇಡಿ. ನಿಮ್ಮ ಕಡೆ ಕಡಲೆಕಾಯಿ ಬೆಳೆಯುತ್ತಾರಲ್ಲ. ಒಂದು ಮೊರದ ತುಂಬ ಕಡಲೆಕಾಯಿ ಹಾಕಿ. ಒಂದೇ ಕಾಳಿನದು, ಎರಡು ಕಾಳಿನದು, ಮೂರು ಕಾಳಿನದು ಅಂತ ಬೇರೆ ಮಾಡಲಿ. ಅಲ್ಲಾಡಿಸಿ ಊಹಿಸಲಿ, ಒಡೆದು ನೋಡಲಿ. ಎಣಿಕೆ, ವಿಂಗಡಣೆ, ಬೆರಳಿನ ಬಲ ಎಲ್ಲ ಒಂದೇ ಆಟದಲ್ಲಿ ಬರುತ್ತದೆ. ಒಡೆದ ಕಾಳು ಬಾಯಿಗೆ, ಮೂಗಿಗೆ ಹೋಗದ ಹಾಗೆ ದೊಡ್ಡವರೊಬ್ಬರು ಪಕ್ಕದಲ್ಲೇ ಕೂತಿರಬೇಕು. ಈ ವಯಸ್ಸಿಗೆ ಕಡಲೆಕಾಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನೊಂದು, ಎಣಿಕೆಗೆ ಅಂತ ಗುಲಗಂಜಿ ತರಲೇಬೇಡಿ. ನೋಡಲು ಚೆಂದ, ಆದರೆ ಅಗಿದರೆ ವಿಷ. ಹುಣಸೆ ಬೀಜ ಸಾಕು, ಅದನ್ನೂ ಆಟ ಮುಗಿದ ಮೇಲೆ ಎಣಿಸಿ ಡಬ್ಬಿಗೆ ಹಾಕಿಸಿ.

ಪೋಷಕರ ಸಭೆಗೆ ಭಾಷಣ ಬೇಡ. ಬಂದವರ ಕೈಗೆ ಪೆನ್ಸಿಲ್ ಕೊಟ್ಟು, ಎಡಗೈಯಲ್ಲಿ ನಿಮ್ಮ ಹೆಸರು ಬರೆಯಿರಿ ಅನ್ನಿ. ಎಡಚರಾದರೆ ಬಲಗೈ. ಮೂರು ಅಕ್ಷರಕ್ಕೇ ಮಣಿಕಟ್ಟು ನೋಯುತ್ತದೆ. ‘ನಿಮ್ಮ ಮಗುವಿನ ಎರಡೂ ಕೈ ಈಗ ಹೀಗೇ ಇವೆ, ಅದಕ್ಕೇ ಮಣ್ಣು ಕಲಸಿಸುತ್ತೇನೆ, ರಾಗಿ ತಟ್ಟೆಯಲ್ಲಿ ಬೆರಳಾಡಿಸುತ್ತೇನೆ’ ಅಂತ ಹೇಳಿ. ಅವರಿಗೆ ತಟ್ಟನೆ ಅರ್ಥವಾಗುತ್ತದೆ. ಅದಾದ ಮೇಲೆ ಟಿವಿ ಹಾಕಿ, ಅವರ ಮಕ್ಕಳು ತಮ್ಮ ಚಿತ್ರದ ಬಗ್ಗೆ ಮಾತಾಡಿದ್ದನ್ನು ಕೇಳಿಸಿ.

ಮುಖ್ಯಶಿಕ್ಷಕರಿಗೆ ಸರ್ಕಾರದ ಆಧಾರ ಬೇಕು ಅಂದರೆ ಅದೂ ಇದೆ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದವರಿಗೆ ಆಟದ ಮೂಲಕವೇ, ಮನೆಮಾತನ್ನು ಜೊತೆಗಿಟ್ಟುಕೊಂಡೇ ಕಲಿಸಬೇಕು ಅನ್ನುತ್ತದೆ. 2023ರಲ್ಲಿ ಅದಕ್ಕೆಂದೇ ಬಿಡುಗಡೆಯಾದ ಜಾದೂಯಿ ಪಿಟಾರಾ ಪೆಟ್ಟಿಗೆಯಲ್ಲಿರುವುದು ಗೊಂಬೆ, ಒಗಟು, ಚಿತ್ರಪಟ, ಕಥೆ ಪುಸ್ತಕ, ಆಟದ ಸಾಮಾನು.

---

ಮೈಸೂರಿನಿಂದ, ಮಾತಿನ ಚಿಕಿತ್ಸೆ ಮಾಡುವವಳು:

ಅರಸೀಕೆರೆ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಇಂಗ್ಲಿಷ್ ರೈಮ್ಸ್ ವಿಷಯಕ್ಕೆ ಮಾತ್ರ ಒಂದೆರಡು ಮಾತು.

2003ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರಿಷಿಯಾ ಕುಲ್ ಮತ್ತು ಅವರ ಜೊತೆಯವರು ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಕೇಳಿಸಿದರು. ಒಂದು ಗುಂಪಿನ ಎದುರು ಮ್ಯಾಂಡರಿನ್ ಮಾತಾಡುವವರೇ ಕೂತು ಆಟಿಕೆ ತೋರಿಸುತ್ತಾ, ಪುಸ್ತಕ ಓದುತ್ತಾ ಮಾತಾಡಿದರು. ಇನ್ನೊಂದು ಗುಂಪು ಅದನ್ನೇ ವಿಡಿಯೋದಲ್ಲಿ ನೋಡಿತು. ಎದುರಾ ಎದುರು ಕೇಳಿದ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಬೇರೆ ಬೇರೆ ಅಂತ ಗುರುತಿಸಿದವು. ವಿಡಿಯೋ ನೋಡಿದವು ಗುರುತಿಸಲಿಲ್ಲ. ನಿಮ್ಮ ಮಕ್ಕಳು ಅವಕ್ಕಿಂತ ದೊಡ್ಡವರು, ವಿಡಿಯೋದಿಂದಲೂ ಒಂದಿಷ್ಟು ಕಲಿಯುತ್ತಾರೆ. ಆದರೂ ಎದುರಿಗೆ ಕೂತ ಮನುಷ್ಯರು ಕಲಿಸಿದ್ದೇ ಜಾಸ್ತಿ ನಿಲ್ಲುತ್ತದೆ.

ಹಾಗಾಗಿ ಪೋಷಕರಿಗೆ ಇಂಗ್ಲಿಷ್ ಬೇಕಾದರೆ ನಿಮ್ಮ ಬಾಯಿಂದಲೇ ಕೊಡಿ. ‘ಗಿವ್ ಮಿ ದ ರೆಡ್ ಬಾಲ್’, ‘ಜಂಪ್ ಟು ದ ಡೋರ್’ ಇಂಥ ಸಣ್ಣ ಮಾತುಗಳು, ಅದಕ್ಕೆ ತಕ್ಕ ಕೆಲಸ. ಚೆಂಡು ಕೈಯಲ್ಲಿರುವಾಗ ಕೇಳಿದ ಮಾತು ಮಗುವಿಗೆ ನೆನಪಿರುತ್ತದೆ.

ನೀರು ಕೇಳದೆ ಕೈ ಎಳೆಯುವ ಮಕ್ಕಳ ಬಗ್ಗೆ ಬರೆದಿದ್ದೀರಿ. ಮೊದಲು ಅವರ ಮನೆಯವರನ್ನು ಕೇಳಿ, ಮನೆಯಲ್ಲಿ ತೆಲುಗಿನಲ್ಲೋ ಲಂಬಾಣಿಯಲ್ಲೋ ಪೂರ್ತಿ ವಾಕ್ಯ ಆಡುತ್ತಾರಾ? ಆಡುತ್ತಾರೆ ಅಂದರೆ ಗಾಬರಿ ಬೇಡ, ಶಾಲೆಯ ಭಾಷೆ ಹೊಸದು ಅಷ್ಟೆ, ಸಮಯ ಕೊಡಿ. ಮನೆಯಲ್ಲೂ ಆಡುವುದಿಲ್ಲ ಅಂದರೆ ಕಾಯಬೇಡಿ. ಶಾಲೆ, ಅಂಗನವಾಡಿ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ತಾಲ್ಲೂಕಿನ ಆರ್‌ಬಿಎಸ್‌ಕೆ ತಂಡದ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೂ ಕರೆದುಕೊಂಡು ಬರಬಹುದು. ನಾಲ್ಕು ವರ್ಷಕ್ಕೆ ಗೊತ್ತಾದರೆ ಮಾಡಲು ಎಷ್ಟೋ ಇದೆ.

---

ಪಾವಗಡದ ಟೀಚರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನಿಮ್ಮ ಮಾತು ಓದಿ ಧೈರ್ಯ ಬಂತು. ಮೇಡಂ, ನೀವು ಹೇಳಿದ ಹಾಗೆ ಮನೆಯವರನ್ನು ಕೇಳಿದೆ. ಒಂದು ಹುಡುಗಿ ಬಿಟ್ಟು ಉಳಿದವರೆಲ್ಲ ಮನೆಯಲ್ಲಿ ಚೆನ್ನಾಗಿ ಮಾತಾಡುತ್ತಾರಂತೆ. ಆ ಹುಡುಗಿಯ ಅಮ್ಮನ ಜೊತೆ ಕೂತು ಮಾತಾಡಿದ್ದೇನೆ, ಕಿವಿ ಪರೀಕ್ಷೆಗೆ ಒಪ್ಪಿದ್ದಾರೆ.

ಇನ್ನು ಎರಡು ಪ್ರಶ್ನೆ. ನಮ್ಮಲ್ಲಿ ನೆಟ್ ನಿಲ್ಲುವುದಿಲ್ಲ, ಫೋನಿನಿಂದ ಟಿವಿಗೆ ಹಾಕುವುದು ಹೇಗೆ? ಲಂಬಾಣಿ ನನಗೆ ಒಂದು ಮಾತೂ ಬರುವುದಿಲ್ಲ. ಆ ಮಕ್ಕಳಿಗೆ ಏನು ಮಾಡಲಿ?

---

ಯಲಹಂಕದ ಅಪ್ಪ:

ಟಿವಿ ವಿಷಯ ನನಗೆ ಬಿಡಿ. ಪೆನ್‌ಡ್ರೈವ್ ಎಲ್ಲಕ್ಕಿಂತ ಸುಲಭ. 32 ಜಿಬಿಯದು ಬೇಕಾದಷ್ಟಾಯಿತು. ಒಂದು ಕಡೆ ಸಿ ಟೈಪ್ ಪಿನ್, ಇನ್ನೊಂದು ಕಡೆ ಮಾಮೂಲಿ ಪಿನ್ ಇರುವುದು ಸಿಗುತ್ತದೆ. ನಿಮ್ಮ ಫೋನಿನದು ಸಿ ಟೈಪ್ ಆದರೆ ಕಂಪ್ಯೂಟರೇ ಬೇಡ, ಫೋನಿಗೆ ಚುಚ್ಚಿ ಫೋಟೋ ಕಾಪಿ ಮಾಡಿ, ಟಿವಿಗೆ ಚುಚ್ಚಿ. ಟಿವಿ ಓದದಿದ್ದರೆ ಪೆನ್‌ಡ್ರೈವನ್ನು ಫ್ಯಾಟ್ 32 (FAT32, ಫೈಲ್ ಜೋಡಿಸಿಡುವ ಒಂದು ಬಗೆ) ಆಗಿ ಫಾರ್ಮ್ಯಾಟ್ ಮಾಡಿ. ಒಳಗಿದ್ದದ್ದು ಅಳಿಸಿಹೋಗುತ್ತದೆ, ಹಾಗಾಗಿ ಶುರುವಿನಲ್ಲೇ ಮಾಡಿಬಿಡಿ. ನೆಟ್ ಇಲ್ಲದಿದ್ದರೆ ಜಾಹೀರಾತಿನ ಕಾಟವೂ ಇಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ, ತೆಲುಗಿನಲ್ಲೂ ಇವೆ. ನೆಟ್ ಇರುವ ಕಡೆ ಇಳಿಸಿಕೊಂಡು ತನ್ನಿ. ಪುಟದ ಚಿತ್ರ ಟಿವಿಯಲ್ಲಿರಲಿ, ಓದುವುದು ಮಾತ್ರ ನೀವೇ ಓದಿ.

ಪೋಷಕನಾಗಿ ಇನ್ನೊಂದು ಮಾತು. ಮಕ್ಕಳ ಫೋಟೋ, ದನಿ ತೆಗೆಯುವ ಮುಂಚೆ ಮನೆಯವರಿಂದ ಬರೆಸಿಕೊಳ್ಳಿ. ವಾಟ್ಸಾಪ್ ಗುಂಪಿಗೆ, ಫೇಸ್‌ಬುಕ್ಕಿಗೆ ಹಾಕಬೇಡಿ, ಕೋಣೆಯೊಳಗೇ ಇರಲಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ 2023ರಲ್ಲಿ ಬಂದ ಕಾಯ್ದೆಯಲ್ಲೂ ಹದಿನೆಂಟರ ಒಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅಂತ ಇದೆ.

---

ಅರಸೀಕೆರೆ ಅಕ್ಕ:

ಲಂಬಾಣಿಗೆ ತಾಂಡಾದ ತಾಯಂದಿರೇ ಟೀಚರ್. ನೀರು, ಹಸಿವು, ನೋವು, ಒಂದಕ್ಕೆ ಹೋಗಬೇಕು, ಅಮ್ಮ ಯಾವಾಗ ಬರುತ್ತಾಳೆ, ಬಾ ಆಡೋಣ, ನನಗೆ ಕೊಡು, ಸಾಕು. ಇಷ್ಟನ್ನು ಅವರ ದನಿಯಲ್ಲಿ ಲಂಬಾಣಿಯಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಪಕ್ಕದಲ್ಲೇ ನೀವು ಕನ್ನಡದಲ್ಲಿ ಹೇಳಿ. ಮನೆಯಲ್ಲಿ ಕೇಳಿ ಕೇಳಿ ನೀವು ಮೊದಲು ಕಲಿಯಿರಿ. ಬೆಳಿಗ್ಗೆ ಮಗು ಬಂದ ಕೂಡಲೇ ಅದರ ಭಾಷೆಯಲ್ಲಿ ಒಂದು ಮಾತು ಆಡಿ. ತಪ್ಪಾದರೆ ಮಕ್ಕಳು ತಿದ್ದುತ್ತಾರೆ, ತಿದ್ದಲಿ. ಟೀಚರಿಗೆ ಕಲಿಸುವ ಮಗು ಮಾತಿಗೆ ಅಂಜುವುದಿಲ್ಲ.

ಒಬ್ಬ ತಾಯಿ ಬಂದು ಹಾಡು, ಕಥೆ ಹೇಳಲು ಒಪ್ಪಿದರೆ ಟಿವಿ ಹೊತ್ತನ್ನು ಆ ದಿನ ಅವರಿಗೇ ಕೊಟ್ಟುಬಿಡಿ. ಕೂಲಿ ಬಿಟ್ಟು ಬರಬೇಕಾಗುತ್ತದೆ, ಹಾಗಾಗಿ ಅವರಿಗೆ ಅನುಕೂಲವಾದ ಹೊತ್ತು ಕೇಳಿ ಇಟ್ಟುಕೊಳ್ಳಿ. ರೆಕಾರ್ಡ್ ಮಾಡುವಾಗ ಫ್ಯಾನ್ ಆಫ್ ಮಾಡಿ, ಇಲ್ಲದಿದ್ದರೆ ಬರೀ ಗಾಳಿ ಸದ್ದೇ ಕೇಳುತ್ತದೆ.